ಒಂಬತ್ತು ಗಂಟೆಯ ಬಿಸಿಲು

ನಮ್ಮ ಮನೆಯಿಂದ ವಿಲಾಯತಿಗೆ ಹೋಗಿ ಬಂದವರು ಇಬ್ಬರು. ಒಬ್ಬರು ನನ್ನ ಕಾಕಾ, ಅಂದರೆ ಅಪ್ಪನ ತಮ್ಮ. ಇನ್ನೊಬ್ಬ ನಾನು. ನಾನು ಹಡಗು ಹತ್ತಲಿಲ್ಲ, ಸಾಂಗ್ಲಿ ಬಿಟ್ಟು ಕದಲಲಿಲ್ಲ, ಅಷ್ಟೇ ವ್ಯತ್ಯಾಸ. ಆದರೆ ಅಲ್ಲಿನ ಸುದ್ದಿಯನ್ನು ಕಾಕಾನಿಗಿಂತ ಹತ್ತು ಪಟ್ಟು ಚೆನ್ನಾಗಿ ಹೇಳಿದವನು ನಾನೇ. ಅದರಿಂದ ಆದದ್ದನ್ನು ಬರೆಯಲು ಕೂತಿದ್ದೇನೆ. ಈ ಸಲ ಏನನ್ನೂ ಹಿಗ್ಗಿಸಬಾರದು ಅಂದುಕೊಂಡಿದ್ದೇನೆ, ನೋಡೋಣ.

ಕಾಕಾ ನಮ್ಮ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರರು. ಪರಭಾಷೆಯನ್ನು ಮಕ್ಕಳಿಗೆ ಹೇಗೆ ಕಲಿಸಬೇಕೆಂದು ನೋಡಿ ಕಲಿತು ಬರಲು ಸಂಸ್ಥಾನದವರು ಅವರನ್ನು ಆರು ತಿಂಗಳು ಲಂಡನ್ನಿಗೆ ಕಳಿಸಿದರು. ನಮ್ಮದು ಜೈನರ ಮನೆ. ಹೊತ್ತು ಮುಳುಗಿದ ಮೇಲೆ ನಮ್ಮಲ್ಲಿ ಯಾರೂ ಉಣ್ಣುವುದಿಲ್ಲ. ಅಜ್ಜಿಯಂತೂ ಸಂಜೆಯ ನಂತರ ನೀರನ್ನೂ ಮುಟ್ಟುವವಳಲ್ಲ. ಕಾಕಾ ಹೊರಡುವ ಮುಂಚಿನ ದಿನ ಅವಳು ಅವರನ್ನು ಬಸದಿಗೆ ಕರೆದುಕೊಂಡು ಹೋಗಿ, ದೇವರ ಎದುರು ನಿಲ್ಲಿಸಿ, ಕೈಯಲ್ಲಿ ಅಕ್ಷತೆ ಕೊಟ್ಟು ನೇಮ ಮಾಡಿಸಿದಳು. ಹೊತ್ತು ಮುಳುಗಿದ ಮೇಲೆ ಎಲ್ಲಿದ್ದರೂ ಬಾಯಿಗೆ ಅನ್ನ ಇಲ್ಲ. ಕಾಕಾ ಒಪ್ಪಿಕೊಂಡರು. ಆಗ ಅಜ್ಜಿ, "ಹಂಗಾದರ ಹೋಗು, ನಾ ಹೂಂ ಅಂದೇನಿ," ಅಂದಳು. ಆ ಹೂಂ ಎಷ್ಟು ಭಾರವಾದದ್ದೆಂದು ನಮಗೆ ಯಾರಿಗೂ ಆಗ ತಿಳಿಯಲಿಲ್ಲ.

ಕಾಕಾ ವಾರಕ್ಕೊಂದು ಕಾಗದ ಬರೆಯುತ್ತಿದ್ದರು, ಅದೂ ಕನ್ನಡದಲ್ಲಿ. ತನ್ನ ಮಗನ ಮಾತು ತನ್ನ ಮಾತಿನಲ್ಲೇ ಕೇಳಬೇಕೆಂದು ಅಜ್ಜಿಯ ಆಸೆ. ಆದರೆ ಅಜ್ಜಿಗೆ ಓದು ಬಾರದು. ಅಪ್ಪ ಅರಿಶಿಣದ ಅಂಗಡಿಯ ಮರಾಠಿಯನ್ನು ಸರಸರ ಓದುತ್ತಿದ್ದರೂ ಕನ್ನಡ ಅಕ್ಷರಗಳ ಮೇಲೆ ಬೆರಳಿಟ್ಟು, ಇರುವೆ ಹಿಡಿಯುವವನ ಹಾಗೆ ಹುಡುಕುತ್ತಿದ್ದ. ನಮ್ಮ ಶಾಲೆಯೂ ಮರಾಠಿಯದೇ. ನನಗೆ ಮಾತ್ರ ಕಾಕಾ ಮನೆಯಲ್ಲಿ ಕೂಡಿಸಿ ಕನ್ನಡ ಕಲಿಸಿದ್ದರು. ಹೀಗಾಗಿ ಹದಿನಾರನೆಯ ವಯಸ್ಸಿಗೇ ಇಡೀ ವಿಲಾಯತಿ ನನ್ನ ಕೈಗೆ ಬಂತು.

ತೊಂದರೆ ಏನೆಂದರೆ ಕಾಕಾನ ಕಾಗದಗಳಲ್ಲಿ ವಿಲಾಯತಿಯೇ ಇರುತ್ತಿರಲಿಲ್ಲ. ಬರೀ ಮಾಸ್ತರಿಕೆ. "ಇಪ್ಪತ್ತು ವರ್ಷ ಇಂಗ್ಲಿಷ್ ಕಲಿಸಿದ ನಾನು ಅಂಗಡಿಯಲ್ಲಿ ಬ್ರೆಡ್ ಕೇಳಿದರೆ ಅಂಗಡಿಯವಳಿಗೆ ತಿಳಿಯುವುದಿಲ್ಲ. ಮೂರು ಸಲ ಹೇಳಿ, ಕೊನೆಗೆ ಬೆರಳು ಮಾಡಿ ತೋರಿಸುತ್ತೇನೆ. ಆಗ ನಮ್ಮ ಹುಡುಗರು ನೆನಪಾಗುತ್ತಾರೆ. ಉತ್ತರ ಗೊತ್ತಿದ್ದೂ ಮಾತು ಬಾರದೆ ನಿಂತವರನ್ನು ನಾನು ಬೆಂಚಿನ ಮೇಲೆ ಹತ್ತಿಸುತ್ತಿದ್ದೆ." ಹೀಗೆ ಎರಡು ಪುಟ. ಆ ಬೆಂಚಿನ ಮೇಲೆ ನಾನು ವರ್ಷದಲ್ಲಿ ಮುನ್ನೂರು ದಿನ ನಿಂತಿದ್ದೇನೆ. ಉಳಿದ ದಿನ ಶಾಲೆಗೆ ಸೂಟಿ. ಅದಕ್ಕೇ ಆ ಸಾಲನ್ನು ನಾನು ಎರಡೆರಡು ಸಲ ಓದಿದೆ. ಅಜ್ಜಿ ಕೇಳಿ ಮುಗಿಸಿ, "ಮತ್ತೇನ ಬರದಾನ?" ಅನ್ನುತ್ತಿದ್ದಳು.

"ಅಷ್ಟರಿ ಅಜ್ಜಿ."

"ಅಷ್ಟ? ಸಮುದ್ರ ದಾಟಿ ಹೋಗಿ ಬ್ರೆಡ್ಡಿನ ಸುದ್ದಿ ಬರದಾನ?"

ಅವಳ ಮುಖ ಇಷ್ಟು ಸಣ್ಣದಾಗುತ್ತಿತ್ತು. ನನಗೆ ತಡೆಯಲಾಗಲಿಲ್ಲ. ಮುಂದಿನ ಕಾಗದದಲ್ಲಿ ಬಸದಿಯಷ್ಟು ದೊಡ್ಡ ಮೀನು ಹಡಗಿನ ಪಕ್ಕ ಈಜಿತು. ಅದರ ಮುಂದಿನದರಲ್ಲಿ ಕಾಕಾನ ತಲೆಯ ರುಮಾಲು ನೋಡಲು ರಸ್ತೆಯಲ್ಲಿ ಟ್ರಾಮುಗಳು ನಿಂತವು. ಕೊನೆಗೆ ಅಲ್ಲಿನ ಬಾದಶಹ ಗಾಡಿ ನಿಲ್ಲಿಸಿ, ಸಾಂಗ್ಲಿಯಲ್ಲಿ ಅರಿಶಿಣದ ಧಾರಣೆ ಹೇಗಿದೆ ಎಂದು ಕಾಕಾನನ್ನು ವಿಚಾರಿಸಿದ. ಅಜ್ಜಿ ಅದನ್ನು ಬಸದಿಯಲ್ಲಿ ಹೇಳಿದಳು. ಬಸದಿಯಿಂದ ಪೇಟೆಗೆ ಬಂತು. ಪೇಟೆಯವರು ಅಪ್ಪನ ಅಂಗಡಿಗೆ ಬಂದು, "ಬಾದಶಹಾಗ ಎಷ್ಟು ಮೂಟಿ ಕಳಸಿದ್ರಿ?" ಅಂದರು.

ಅಪ್ಪ ಮನೆಗೆ ಬಂದು ಕಾಗದ ಇಸಿದುಕೊಂಡು ಬೆರಳಿಟ್ಟು ಓದಿದ. ಒಂದು ಗಂಟೆ ಹುಡುಕಿದರೂ ಬಾದಶಹ ಸಿಗಲಿಲ್ಲ. ಸಿಕ್ಕವನು ನಾನು. ಆ ಪೆಟ್ಟುಗಳನ್ನು ವರ್ಣಿಸಿದರೆ ಹಿಗ್ಗಿಸಿದ ಅನ್ನುತ್ತೀರಿ. ಬೇಡ ಬಿಡಿ.

"ಇನ್ನ ಮ್ಯಾಲ ಬರದಷ್ಟ ಓದು," ಅಂದಳು ಅಜ್ಜಿ. "ಒಂದ ಅಕ್ಷರ ಹೆಚ್ಚಿಗಿ ಬ್ಯಾಡ."

ಮುಂದಿನ ಕಾಗದ ಬಂತು. ಕಾಕಾನ ಕಾಲೇಜಿನ ಮುಖ್ಯಸ್ಥರು ಅವರನ್ನು ಮನೆಗೆ ಊಟಕ್ಕೆ ಕರೆದಿದ್ದರು. ನಾನು ಓದಿದೆ. "ಒಂಬತ್ತು ಗಂಟೆಗೆ ಊಟಕ್ಕೆ ಕೂತೆವು. ಆಗಲೂ ಅಂಗಳದಲ್ಲಿ ಬಿಸಿಲಿತ್ತು. ಹೊತ್ತು ಮುಳುಗುವುದರೊಳಗೆ ನಾನು ಉಂಡು ಕೈ ತೊಳೆದೆ."

"ಮತ್ತ ಶುರು ಮಾಡಿದಿ?" ಅಂದಳು ಅಜ್ಜಿ.

"ದೇವರಾಣಿ ಅಜ್ಜಿ, ಹಂಗ ಬರದಾರ."

"ರಾತ್ರಿ ಒಂಬತ್ತಕ್ಕ ಬಿಸಲ? ಕರೀಲೇನ ನಿಮ್ಮಪ್ಪಗ?"

ನಿಜ ಹೇಳುತ್ತೇನೆ, ಆ ಬಿಸಿಲನ್ನು ನಾನೂ ನಂಬಲಿಲ್ಲ. ನನ್ನ ಮೀನಾದರೂ ಪರವಾಗಿಲ್ಲ, ಎಲ್ಲೋ ಇರಬಹುದು. ರಾತ್ರಿ ಒಂಬತ್ತಕ್ಕೆ ಬಿಸಿಲೆಂದರೆ ಕಾಕಾ ನನ್ನನ್ನೂ ಮೀರಿಸಿದರು, ರಕ್ತ ಒಂದೇ ಅಲ್ಲವೆ ಅಂದುಕೊಂಡೆ. ಬೆನ್ನು ಇನ್ನೂ ಉರಿಯುತ್ತಿತ್ತು. "ತಪ್ಪಾತರಿ ಅಜ್ಜಿ, ಬಿಸಲು ನಾ ಹಾಕಿದ್ದು," ಅಂದು ಆ ಎರಡು ಸಾಲನ್ನು ಬಿಟ್ಟು ಮುಂದೆ ಓದಿದೆ. ಜೀವಮಾನದಲ್ಲಿ ಒಂದೇ ಒಂದು ಸಲ ಹಿಗ್ಗಿಸುವ ಬದಲು ಕುಗ್ಗಿಸಿದ್ದೆ. ಒಳಗೊಳಗೇ ಸಾಧುವಾದಂತೆ ಅನ್ನಿಸಿತು.

ಅಜ್ಜಿ ಕಾಗದ ಮುಗಿಯುವ ತನಕ ಕೇಳಿದಳು. ಆಮೇಲೆ, "ಒಂಬತ್ತು ಗಂಟೆ ಅಂತ ಬರದದ್ದು ಖರೇ ಹೌದಲ್ಲ?" ಅಂದಳು.

"ಹೌದರಿ, ಅದು ಖರೇ."

ಮರುದಿನದಿಂದ ಅವಳು ದಿನಕ್ಕೆ ಒಂದೇ ಹೊತ್ತು ಉಣ್ಣತೊಡಗಿದಳು. ಯಾಕೆಂದು ಅವ್ವ ಕೇಳಿದಳು. "ಪಚನ ಆಗವಲ್ದು," ಅಂದಳು. ಎಲ್ಲರೂ ನಂಬಿದೆವು. ನಾನು ಎಲ್ಲರಿಗಿಂತ ಬೇಗ ನಂಬಿದೆ.

ಕಾಕಾ ಬಂದ ದಿನ ಮೀರಜ್ ಸ್ಟೇಶನ್ನಿಗೆ ಸಾವಿರ ಜನ ಬಂದಿದ್ದರು. ಹೋಗಲಿ, ಹದಿನಾಲ್ಕು, ಹಮಾಲನನ್ನೂ ಹಿಡಿದು. ಹೂವಿನ ಹಾರ, ಟಾಂಗಾ, ಎಲ್ಲ ಆಯಿತು. ಮನೆಯ ಹೊಸ್ತಿಲಲ್ಲಿ ಅಜ್ಜಿ ಆರತಿ ಮಾಡಿದಳು. ಕಾಕಾ ಅವಳ ಕಾಲಿಗೆ ಬಿದ್ದು ಎದ್ದು, "ಯವ್ವಾ, ಎಷ್ಟ ಸೊರಗಿಯವ್ವಾ," ಅಂದರು.

ಅವಳು ತಟ್ಟೆ ಕೆಳಗಿಟ್ಟು ಕೇಳಿದಳು. "ಒಂಬತ್ತು ಗಂಟೆಗೆ ಉಂಡಿ ಏನಪಾ ಅಲ್ಲೆ?"

"ಹೂಂ, ಒಮ್ಮೆ ಉಂಡೇನಿ. ಆದರ ಆಗ..."

"ಸಾಕು. ಸುಳ್ಳ ಹೇಳಲಿಲ್ಲ, ಅಷ್ಟ ಸಾಕು. ಒಳಗ ಬಾ."

ಆಮೇಲೆ ಕಾಕಾ ಬಿಸಿಲಿನ ವಿಷಯ ಹೇಳಿದರು, ಅಪ್ಪನ ಎದುರು, ಅವ್ವನ ಎದುರು. ಅಜ್ಜಿ ನನ್ನ ಕಡೆ ನೋಡಿದಳು. "ಇಂವಾನೂ ಮೊದಲ ಹಂಗ ಓದಿದ್ದ. ತಾನ ಹಾಕಿದ್ದು ಅಂತ ಆಮ್ಯಾಲ ತಾನ ಒಪ್ಪಿಕೊಂಡ." ನಾನು ಎಲ್ಲವನ್ನೂ ಬಾಯಿ ಬಿಟ್ಟೆ. ಅಪ್ಪ ಆ ಕಾಗದ ತರಿಸಿ ಬೆರಳಿಟ್ಟು ಓದಿದ. ಈ ಸಲ ಬಿಸಿಲು ಸಿಕ್ಕಿತು. ಅಜ್ಜಿ ಅಂದಳು, "ಬರದಾನ, ಇಲ್ಲ ಅನ್ನಂಗಿಲ್ಲ. ತಾಯಿ ಮನಸಿಗೆ ಬ್ಯಾಸರ ಆಗಬಾರದು ಅಂತ ಬರದಾನ."

ಅವಳು ಏನು ಮಾಡಲಿದ್ದಾಳೆಂದು ಅವ್ವನಿಗೆ ಮೊದಲು ಗೊತ್ತಾಯಿತು. ನೇಮ ಮುರಿದ ಪಾಪಕ್ಕೆ ಪ್ರಾಯಶ್ಚಿತ್ತವೆಂದು ಅಜ್ಜಿ ಊಟದಲ್ಲಿ ಉಪ್ಪು ಬಿಡುವವಳಿದ್ದಳು. ಒಂದು ತಿಂಗಳಲ್ಲ, ಒಂದು ವರ್ಷವಲ್ಲ, ಬದುಕಿರುವ ತನಕ. ಕಾಕಾ ಹೆದರಿದರು. "ಯವ್ವಾ, ನಾ ತಪ್ಪ ಮಾಡಿದ್ರ ನನಗ ಪಾಪ. ನಿನಗೇನು?" ಅಂದರು.

"ಮಾಡಿದಂವಾ, ಮಾಡಿಸಿದಂವಾ, ಹೂಂ ಅಂದಂವಾ, ಮೂರೂ ಮಂದಿಗೆ ಸಮ," ಅಂದಳು ಅಜ್ಜಿ. "ನಾ ಹೂಂ ಅಂದಿದ್ದೆ."

ಸಾಕ್ಷಿ ತರಬೇಕೆಂದು ನಾನು ಸೈಕಲ್ ಹತ್ತಿದೆ. ಮೀರಜಿನಲ್ಲಿ ವಿಲಾಯತಿಯ ನರ್ಸ್‌ಬಾಯಿಯೊಬ್ಬರಿದ್ದರು. ಕಾಕಾ ಹಿಂದೆ ಅವರಿಗೆ ಮರಾಠಿ ಕಲಿಸಿದ್ದರು. ಆರು ಮೈಲಿಯನ್ನು ನಾನು ಆರು ನಿಮಿಷದಲ್ಲಿ ಹೊಡೆದೆ, ಆದರೆ ಅದನ್ನು ನೋಡಿದ ಸಾಕ್ಷಿ ಯಾರೂ ಇಲ್ಲ. ಮರುದಿನ ಅವರು ಟಾಂಗಾದಲ್ಲಿ ಬಂದರು. ನಾನು ಮಧ್ಯೆ ಕೂತು ಕನ್ನಡದಲ್ಲಿ ಹೇಳಲು ಬಾಯಿ ತೆರೆದೆ.

"ನೀ ಸುಮ್ಮಿರು," ಅಂದಳು ಅಜ್ಜಿ. "ನನಗ ಮರಾಠಿ ತಿಳೀತೈತಿ."

ನರ್ಸ್‌ಬಾಯಿ ಹೇಳಿದರು, ಬೇಸಿಗೆಯಲ್ಲಿ ಲಂಡನ್ನಿನಲ್ಲಿ ಒಂಬತ್ತಕ್ಕೂ ಬಿಸಿಲು ನಿಜ, ತಮ್ಮ ಊರು ಇನ್ನೂ ಉತ್ತರಕ್ಕಿದೆ, ಅಲ್ಲಿ ಹತ್ತಕ್ಕೂ ಇರುತ್ತದೆ. ಆ ಹತ್ತು ಕೇಳಿ ನಾನು ತಲೆ ಹಿಡಿದುಕೊಂಡೆ. ಒಂಬತ್ತಕ್ಕೇ ಗಿರಾಕಿ ಇಲ್ಲದ ಪೇಟೆಗೆ ಇವರು ಹತ್ತು ತಂದಿದ್ದರು. ಅಜ್ಜಿ ಬೆಲ್ಲ ನೀರು ಕೊಡಿಸಿ, "ನೀವು ಸಂಜೀಕ ಎಷ್ಟಕ್ಕ ಉಣ್ಣತೀರಿ?" ಅಂತ ಮರಾಠಿಯಲ್ಲಿ ಕೇಳಿದಳು. ಕೆಲಸ ಮುಗಿದಾಗ, ಒಮ್ಮೊಮ್ಮೆ ನಡುರಾತ್ರಿಯೂ ಆಗುತ್ತದೆ ಅಂದರು ಅವರು, ಪಾಪ, ನಗುತ್ತ.

ಅವರು ಹೋದ ಮೇಲೆ ಅಜ್ಜಿ ಅಂದಳು, "ಭಾಳ ಚಲೋ ಬಾಯಿ. ಆದರ ಯಾವಾಗ ಬೇಕಾದರೂ ಉಣ್ಣೋ ಮಂದಿ ಹೊತ್ತು ಮುಣಗೂದು ಯಾಕ ನೋಡತಾರ?"

ಇನ್ನು ಉಳಿದದ್ದು ಕಾಕಾ ಕಲಿತು ಬಂದ ಹೊಸ ಪದ್ಧತಿ. ಮಾತಿನಲ್ಲಿ ಹೇಳಬಾರದು, ವಸ್ತು ತೋರಿಸಿ ಕಲಿಸಬೇಕು. ನಡುಮನೆಯ ಕಿಟಕಿ ಮುಚ್ಚಿ, ಕಂದೀಲು ಹಚ್ಚಿ, ಒಂದು ತೆಂಗಿನಕಾಯಿಗೆ ಕುಂಕುಮದಲ್ಲಿ ಎರಡು ಬೊಟ್ಟಿಟ್ಟರು. ಕೆಳಗಿನದು ಸಾಂಗ್ಲಿ, ಮೇಲಿನದು ಲಂಡನ್. ಕಾಯಿಯನ್ನು ಓರೆ ಹಿಡಿದು ಮೆಲ್ಲಗೆ ತಿರುಗಿಸಿದರು. ಸಾಂಗ್ಲಿ ಕತ್ತಲಿಗೆ ಹೋಯಿತು. ಲಂಡನ್ ಇನ್ನೂ ಬೆಳಕಿನಲ್ಲಿ ಉಳಿಯಿತು. ಎಷ್ಟು ಚೆಂದ ತೋರಿಸಿದರೆಂದರೆ ನನಗೂ ಆಗಲೇ ಮೊದಲ ಸಲ ನಂಬಿಕೆ ಬಂತು. ಅಜ್ಜಿಯೂ ಮುಂದೆ ಬಾಗಿ ನೋಡಿದಳು.

"ತಿಳೀತು," ಅಂದಳು. ನಾವೆಲ್ಲ ಉಸಿರು ಬಿಟ್ಟೆವು. "ನೀ ಅಲ್ಲಿ ಉಣ್ಣಾಗ ಇಲ್ಲಿ ಎಷ್ಟಾಗಿತ್ತು?"

ಕಾಕಾನ ಕೈ ನಿಂತಿತು. ಬೇರೆ ಯಾರಾದರೂ ಆಗಿದ್ದರೆ ಸಂಜೆ ಐದು ಅನ್ನುತ್ತಿದ್ದರು. ನಾನಾಗಿದ್ದರೆ ಮಧ್ಯಾಹ್ನ ಅನ್ನುತ್ತಿದ್ದೆ. ಕಣ್ಣಿನಲ್ಲಿ ಎಷ್ಟು ಸನ್ನೆ ಮಾಡಿದೆನೆಂದರೆ ಕಂದೀಲೇ ಆರಬೇಕಿತ್ತು. ಆದರೆ ಅವರು ಮಾಸ್ತರರು, ಲೆಕ್ಕ ಹಾಕಿ ಸರಿಯಾದ ಉತ್ತರವನ್ನೇ ಹೇಳಿದರು.

"ರಾತ್ರಿ ಒಂದೂವರಿ, ಯವ್ವಾ."

"ನೇಮ ತಗೊಂಡಿದ್ದು ಈ ಬೊಟ್ಟಿನ್ಯಾಗ," ಅಂದಳು ಅಜ್ಜಿ, ಸಾಂಗ್ಲಿಯ ಮೇಲೆ ಬೆರಳಿಟ್ಟು.

ಮರುದಿನ ಬೆಳಿಗ್ಗೆ ಬಸದಿಗೆ ಹೋಗಿ ಉಪ್ಪು ಬಿಟ್ಟು ಬಂದಳು.

ಆ ವಾರವೇ ಶಾಲೆಯಲ್ಲಿ ಕಾಕಾನ ಭಾಷಣವಿತ್ತು, ವಿಲಾಯತಿಯಲ್ಲಿ ಕಂಡದ್ದು, ಕಲಿತದ್ದು ಅಂತ. ದೊಡ್ಡ ದೊಡ್ಡವರು ಮುಂದೆ ಕೂತಿದ್ದರು. ಕಾಕಾ ಬ್ರೆಡ್ಡಿನ ಅಂಗಡಿಯವಳ ಸುದ್ದಿ ಹೇಳಿದರು. ಅವಳ ಭಾಷೆ ತನಗೆ ಸರಿಯಾಗಿ ಬರುತ್ತಿರಲಿಲ್ಲ, ಆದರೂ ಹಸಿದವನೆಂದು ಅವಳಿಗೆ ತಿಳಿಯಿತು ಅಂದರು. ಮಾತು ಸರಿಯಾಗಿದ್ದರೆ ಅರ್ಥ ತಾನೇ ಮುಟ್ಟುತ್ತದೆಂದು ಇಷ್ಟು ವರ್ಷ ಕಲಿಸಿದೆ, ಈಗ ಅದನ್ನು ಹೇಳಲು ಧೈರ್ಯವಿಲ್ಲ ಅಂದರು. ಆಮೇಲೆ ನೀರು ಕುಡಿದು ಕಾಗದ ಮಡಚಿ ಕೂತುಬಿಟ್ಟರು. ಹೊಸ ಪದ್ಧತಿಯ ಬಗ್ಗೆ ಕೇಳಲು ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಚಪ್ಪಾಳೆ ಹೊಡೆದೆ. ಯಾರೂ ಜೊತೆಗೆ ಹೊಡೆಯಲಿಲ್ಲ.

ಮನೆಗೆ ಬಂದಾಗ ಊಟಕ್ಕೆ ಹಾಕಿದ್ದರು. ಈಗ ಅಜ್ಜಿ ಎರಡು ಹೊತ್ತೂ ಉಣ್ಣುತ್ತಿದ್ದಳು. ಅವ್ವ ಅವಳಿಗೆಂದು ಬೇರೆ ಪಾತ್ರೆಯಲ್ಲಿ ಬೇಳೆ ಕುದಿಸಿದ್ದಳು. ಕಾಕಾ ತಾವೂ ಉಪ್ಪು ಬಿಡುತ್ತೇನೆಂದರು.

"ನೀನೂ ಬಿಟ್ಟರ ನಾ ಬಿಟ್ಟು ಏನ ಉಪಯೋಗ?" ಅಂದಳು ಅಜ್ಜಿ. "ನೀ ಉಣ್ಣಲಿ ಅಂತ ಬಿಟ್ಟೇನಿ."

ಕಾಕಾ ತಲೆ ತಗ್ಗಿಸಿ ಕಲಸಿದ ಅನ್ನವನ್ನೇ ಮತ್ತೆ ಕಲಸಿದರು. ಈ ಮನೆಯಲ್ಲಿ ಬಾಯಿ ಬಿಟ್ಟು ಗೆದ್ದವನು ನಾನೊಬ್ಬನೇ ಅಂದುಕೊಂಡು ನಾನು ಕೊನೆಯ ಸಲ ಪ್ರಯತ್ನ ಮಾಡಿದೆ. "ಅಜ್ಜಿ, ಬಿಸಲು ಇತ್ತರಿ. ಕಾಕಾ ಹಾಕಿದ್ದಲ್ಲ, ನಾ ಹಾಕಿದ್ದಲ್ಲ, ಅದು ತಾನ ಇತ್ತು. ನಾ ಅದನ್ನ ತಗದೆ, ಅದ ನಂದು ತಪ್ಪು."

ಅವಳು ನನ್ನ ಬೆನ್ನ ಮೇಲೆ ಕೈಯಿಟ್ಟಳು. ಸಿಟ್ಟಿದ್ದರೆ ಚೆನ್ನಾಗಿತ್ತು, ಸಿಟ್ಟು ಇರಲಿಲ್ಲ.

"ಮೊದಲ ಹಾಕಿದಿ, ಆಮ್ಯಾಲ ತಗದಿ, ಈಗ ಮತ್ತ ಹಾಕಾಕ ಹತ್ತಿ. ಯಾಕ ದಣೀತಿ ಮಗಾ. ಉಣ್ಣು, ಹೊತ್ತು ಮುಣಗಾಕ ಬಂತು."

ನಾನು ಉಂಡೆ. ಸಪ್ಪನೆಯ ಬೇಳೆ ಕಲಸಿಕೊಂಡು ಅವಳೂ ಉಂಡಳು.