ಪಾಲಣ್ಣನ ಕಾಲು, ನಮ್ಮ ಸೀರೆ ಗಂಟು

"ಅಮ್ಮಾ, ಕಾರು ಓಡಿಸೋದು ನೀನಲ್ವಾ? ಮತ್ತೆ ಪಾಲಣ್ಣ ಮಾಮ ಯಾಕೆ ಆ ಕಡೆ ಕುಂತು ಕಾಲು ತುಳೀತಿರ್ತಾನೆ?"

ಸರ್ವಿ ಇದನ್ನು ಕೇಳಿದ್ದು ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಾ. ನನ್ನ ಕೈ ಅವಳ ನೆತ್ತಿಯ ಮೇಲೇ ನಿಂತುಬಿಟ್ಟಿತು. ಮನೆಯಲ್ಲಿ ನೋಡಿಕೊಳ್ಳುವವರಿಲ್ಲವೆಂದು ಡ್ರೈವಿಂಗ್ ಪಾಠಕ್ಕೆ ಅವಳನ್ನೂ ಕರೆದೊಯ್ಯುತ್ತಿದ್ದೆ. ಹಿಂದಿನ ಸೀಟಿನಲ್ಲಿ ನಿಂತು, ಮುಂದಿನ ಸೀಟಿಗೆ ಗದ್ದ ಊರಿಕೊಂಡು ಬರುತ್ತಿದ್ದಳು. ನಾನು ರಸ್ತೆ ನೋಡುತ್ತಿದ್ದೆ, ಅವಳು ಕೆಳಗೆ ನೋಡುತ್ತಿದ್ದಳು.

"ಯಾವಾಗ ತುಳೀತಾನೆ ಪುಟ್ಟಾ?"

"ಯಾವಾಗ್ಲೂ. ನೀನು ತುಳಿಯೋಕೂ ಮುಂಚೇನೇ."

ನಮ್ಮದು ಸಂತೆಯಿಂದ ಸಂತೆಗೆ ತಿರುಗಿ ಸೀರೆ, ಪಂಚೆ, ಲಂಗದ ಬಟ್ಟೆ ಮಾರುವ ಸಂಸಾರ. ಮನೆ ಚನ್ನಗಿರಿಯಲ್ಲಿ, ವ್ಯಾಪಾರ ಕತ್ತಲಗೆರೆ, ಹೊನ್ನಾಳಿ, ನ್ಯಾಮತಿ ಕಡೆ. ಅದಕ್ಕೆಂದೇ ನಮ್ಮನೆಯವರು ಒಂದು ಹಳೇ ಅಂಬಾಸಡರ್ ಕೊಂಡಿದ್ದರು. ಎಂಬತ್ಮೂರರ ಬೇಸಿಗೆಯಲ್ಲಿ ಜಾಲಿ ಟೊಂಗೆ ಬಡಿದು ಅವರ ಬಲಗಣ್ಣು ಹೋಯಿತು. ಇನ್ನು ಸ್ಟೇರಿಂಗ್ ಮುಟ್ಟಬೇಡಿ ಅಂದರು ಡಾಕ್ಟರು. ಕಾರು ಹಿತ್ತಿಲು ಸೇರಿತು. ಪಕ್ಕದ ಮನೆಯ ಕೋಳಿ ಅದರಡಿ ಮೊಟ್ಟೆ ಇಡಲು ಶುರುಮಾಡಿತು. ಇವರು ಬಸ್ಸಿನಲ್ಲಿ ಹೊರಲಾಗುವಷ್ಟು ಗಂಟು ಹೊತ್ತು ಸಂತೆಗೆ ಹೋಗುತ್ತಿದ್ದರು. ಗಂಟು ಸಣ್ಣದಾದಂತೆ ಗಿರಾಕಿಗಳೂ ಕಡಿಮೆಯಾಗುತ್ತಾರೆ. ನಾಲ್ಕು ಬಣ್ಣ ಹರವದಿದ್ದರೆ ಯಾವ ಹೆಂಗಸು ನಿಂತು ನೋಡುತ್ತಾಳೆ?

ಆಗ ನಮ್ಮನೆಯವರ ಅಣ್ಣ, ಬೆನಕಪ್ಪ ಭಾವ ಬಂದರು. "ನಿಂತ ಗಾಡಿ ತುಕ್ಕು ತಿಂತೈತೆ. ದೀಪಾವಳಿವರ್ಗೂ ನೋಡ್ತೀನಿ, ಆಮೇಲೆ ನಾನು ಹೊಡ್ಕೊಂಡು ಹೋಗ್ತೀನಿ" ಅಂದರು. ಬೆಲೆಯನ್ನೂ ಅವರೇ ಹೇಳಿದರು. ಕಿವಿಗೆ ಹಿತವಾದ ಬೆಲೆಯಲ್ಲ.

"ನಾನು ಕಲೀತೀನಿ ಭಾವ" ಅಂದುಬಿಟ್ಟೆ.

"ಕಲಿಯಮ್ಮಾ ಕಲಿ. ರಸ್ತೆ ಮೇಲಿನ ಎಮ್ಮೆಗಳಿಗೆ ಮುಂಚೇನೇ ಹೇಳಿಟ್ಟಿರ್ತೀನಿ" ಎಂದು ನಕ್ಕು ಎದ್ದರು. ನಮ್ಮನೆಯವರು ನಗಲಿಲ್ಲ. ದೀಪಾವಳಿಯೊಳಗೆ ಲೈಸೆನ್ಸ್ ಬಂದರೆ ಕಾರು ನಮ್ಮದು, ಇಲ್ಲದಿದ್ದರೆ ಭಾವನದು ಎಂದು ಮಾತಾಯಿತು.

ಊರಲ್ಲಿ ಕಲಿಸುವವನು ಪಾಲಣ್ಣ ಒಬ್ಬನೇ. ಜಗಳೂರು ಸೀಮೆಯವನು. ಅಡಿಕೆ ಮಂಡಿಗಳ ಲಾರಿ ಓಡಿಸಿಯೇ ತಲೆ ನರೆತವನು. ಬಸ್‌ಸ್ಟ್ಯಾಂಡಿನ ಹಿಂದೆ ತಗಡಿನ ಶೆಡ್ಡು, ಕೆಂಪಕ್ಷರದ ಬೋರ್ಡು, ನಮ್ಮದಕ್ಕಿಂತ ಹಳೆಯದೊಂದು ಅಂಬಾಸಡರ್. ಅವನ ಕಾರಿನಲ್ಲಿ ಎಡಗಡೆ, ಅವನು ಕೂರುವ ಕಡೆಯೂ ಕ್ಲಚ್ಚು ಬ್ರೇಕು ಇದ್ದವು. ಅಪಾಯ ಬಂದರೆ ಇರಲಿ ಅಂತ ಮಾಡಿಸಿದ್ದು ಅಂದಿದ್ದ. ಕಾರು ಹತ್ತುವ ಮುಂಚೆ ಚಪ್ಪಲಿ ಬಿಚ್ಚುತ್ತಿದ್ದ. "ಅನ್ನ ಹಾಕೋ ಗಾಡಿ ಅಕ್ಕಾ, ಲಕ್ಷ್ಮಿ ಇದ್ದಂಗೆ" ಅನ್ನುತ್ತಿದ್ದ. ಅವನ ಭಕ್ತಿ ಕಂಡು ನಾನು ಕೈ ಮುಗಿಯುವುದೊಂದು ಬಾಕಿ ಇತ್ತು.

ಒಂದು ತಿಂಗಳ ಪಾಠದಲ್ಲಿ ನನ್ನ ಕೈಯಲ್ಲಿ ಗಾಡಿ ಒಮ್ಮೆಯೂ ಬಂದ್ ಬಿದ್ದಿರಲಿಲ್ಲ. ಕ್ಲಚ್ಚು ನನ್ನ ಪಾದದ ಕೆಳಗೆ ಬೆಣ್ಣೆಯ ಹಾಗೆ ಇಳಿಯುತ್ತಿತ್ತು. ಹಿಟ್ಟು ನಾದಿದ ಕೈಗೆ ಹದ ಗೊತ್ತಿರುತ್ತದೆ, ಕಾಲಿಗೂ ಬಂದಿರಬೇಕು ಅಂದುಕೊಂಡು ಬೀಗಿದ್ದೆ. ಸರ್ವಿಯ ಪ್ರಶ್ನೆ ಕೇಳಿದ ಮೇಲೆ ಆ ಬೆಣ್ಣೆ ಗಂಟಲಲ್ಲಿ ಸಿಕ್ಕಿಕೊಂಡಿತು. ಚಪ್ಪಲಿ ಬಿಚ್ಚುವುದು ಲಕ್ಷ್ಮಿಗೋ, ಸದ್ದಾಗದಿರಲಿ ಅಂತಲೋ? ಅವತ್ತು ಸಂತೆ ಲೆಕ್ಕದ ಡೈರಿಯಲ್ಲಿ ಬರೆದದ್ದು ಒಂದೇ ಸಾಲು: ಕಾಲು ನೋಡಬೇಕು.

ಮಾರನೇ ದಿನದಿಂದ ರಸ್ತೆಗಿಂತ ಹೆಚ್ಚಾಗಿ ಪಾಲಣ್ಣನನ್ನೇ ನೋಡಿದೆ. ಒಮ್ಮೆ ಅನುಮಾನ ಹೊಕ್ಕಿತೆಂದರೆ ಕಂಡದ್ದೆಲ್ಲಾ ಅದಕ್ಕೇ ಸಾಕ್ಷಿ. ಪಾಠ ಯಾವಾಗಲೂ ಸೂಳೆಕೆರೆ ದಾರಿಯಲ್ಲೇ ಯಾಕೆ? ಬಸ್‌ಸ್ಟ್ಯಾಂಡಿನಲ್ಲಿ ಹತ್ತುವ ಇಬ್ಬರು ಮೂವರು "ನಮ್ಮ ಕಡೆಯೋರು" ಕೆರೆ ಹತ್ತಿರ ಇಳಿಯುವಾಗ ಅವನ ಜೇಬಿಗೆ ಏನೋ ತುರುಕುವುದು ಯಾಕೆ? ಬರುವಾಗ ಮೀನಿನ ಬುಟ್ಟಿ ಡಿಕ್ಕಿ ಸೇರುವುದು ಯಾಕೆ? ನನ್ನ ಫೀಸಿನಲ್ಲಿ ಇವನು ಟ್ಯಾಕ್ಸಿ ಓಡಿಸುತ್ತಿದ್ದಾನೆ, ಅದೂ ನನ್ನನ್ನೇ ಡ್ರೈವರ್ ಮಾಡಿಕೊಂಡು! ಯಾವಾಗ ಟೆಸ್ಟಿಗೆ ಕರೆದುಕೊಂಡು ಹೋಗ್ತೀರಿ ಅಂದರೆ, "ಅವಸರ ಬ್ಯಾಡ ಅಕ್ಕಾ, ಮುಂದಿನ ಕ್ಯಾಂಪಿಗೆ ನೋಡಾಣ" ಅನ್ನುತ್ತಿದ್ದ. ಲೈಸೆನ್ಸ್ ಕೊಡುವ ಇನ್ಸ್‌ಪೆಕ್ಟರು ಪ್ರವಾಸಿ ಮಂದಿರದ ಮೈದಾನಕ್ಕೆ ಬರುವುದು ತಿಂಗಳಿಗೊಮ್ಮೆ. ದೀಪಾವಳಿಗೆ ಮುಂಚೆ ಉಳಿದದ್ದು ಒಂದೇ ಕ್ಯಾಂಪು.

ಅದರ ಮೇಲೆ ಒಂದು ಬೆಳಿಗ್ಗೆ ನಮ್ಮನೆಯವರು ಬಂದು, "ನಮ್ಮಣ್ಣ ಹೋಟ್ಲಲ್ಲಿ ಪಾಲಣ್ಣಂಗೆ ಟೀ ಕುಡಿಸ್ತಿದ್ದ" ಅಂದರು. ಭಾವ ಯಾರಿಗೂ ಸುಮ್ಮನೆ ನೀರೂ ಕುಡಿಸುವವರಲ್ಲ.

ಪಾಲಣ್ಣನ ಮಗಳು ಗಾದ್ರಮ್ಮ ಶೆಡ್ಡಿನಲ್ಲೇ ಇರುತ್ತಿದ್ದಳು. ಹದಿನೆಂಟು ದಾಟಿದ ಹುಡುಗಿ. ಕಾರು ಒರೆಸಿ, ರೇಡಿಯೇಟರಿಗೆ ನೀರು ತುಂಬಿ ಇಡುವವಳು. ಉಪಾಯವಾಗಿ ಕೇಳಿದೆ. "ನಿಂಗೂ ಓಡಿಸಾಕೆ ಬರುತ್ತೇನೇ?"

"ಅಪ್ಪ ಕಲಿಸ್ಯಾನೆ ಅಕ್ಕಾ" ಎಂದು ಬಟ್ಟೆ ಹಿಂಡಿದಳು. "ನಾನು ಕಲಿತಿಲ್ಲ."

ಆ ಮಾತನ್ನು ಆಗ ಬೇರೆಯೇ ಅರ್ಥದಲ್ಲಿ ತೆಗೆದುಕೊಂಡೆ. ಮಗಳಿಗೇ ಮೋಸ ಮಾಡುವವನು ನನ್ನನ್ನು ಬಿಡುತ್ತಾನೆಯೇ!

ಜಗಳ ಮಾಡಬಹುದಿತ್ತು. ಆದರೆ ಬೇರೆ ಗುರು ಊರಲ್ಲಿಲ್ಲ, ಕಟ್ಟಿದ ಫೀಸು ವಾಪಸ್ಸು ಬರುವಂಥದ್ದಲ್ಲ. ಮಾರನೇ ದಿನ ಎರಡು ದೊಡ್ಡ ಸೀರೆ ಗಂಟು ಹೊತ್ತುಕೊಂಡೇ ಶೆಡ್ಡಿಗೆ ಹೋದೆ. ಹಿಂದಿನ ಸೀಟಿನಲ್ಲಿ ಅವನ ಕಡೆಯವರು ಆಗಲೇ ಕುಂತಾಗಿತ್ತು.

"ಇದೇನಕ್ಕಾ, ಗಂಟು?"

"ಕತ್ತಲಗೆರೆ ಸಂತೆಗೆ. ನಮ್ಮನೆಯವರು ಬಸ್ಸಿಗೆ ಹೋಗ್ಯಾರೆ, ಇವನ್ನ ಅಲ್ಲಿಗೆ ಮುಟ್ಟಿಸ್ಬೇಕು."

"ಪಾಠದ ಗಾಡೀಲಿ ಸಾಮಾನು ಹಾಕಂಗಿಲ್ಲ ಅಕ್ಕಾ."

"ಮಂದಿ ಹಾಕಬೌದಾ?"

ಹಿಂದೆ ಕುಂತವರು ಕೆಮ್ಮಿದರು. ಪಾಲಣ್ಣ ಟವೆಲಿನಿಂದ ಕತ್ತು ಒರೆಸಿಕೊಂಡ. ಒಂದು ಗಂಟು ಡಿಕ್ಕಿಗೆ ಹೋಯಿತು. ಇನ್ನೊಂದನ್ನು ನಾನೇ ಅವನ ಕಾಲಿನ ಜಾಗದಲ್ಲಿ ತುರುಕಿದೆ. ಪೆಡಲಿಗೆ ಗಂಟು ತಾಗುವಂತಿಲ್ಲ, ಪಾದ ಇಳಿಯಲು ಜಾಗವೂ ಇರುವಂತಿಲ್ಲ, ಹಾಗೆ.

"ಮತ್ತೆ ನನ್ನ ಕಾಲು?"

"ಪಂಕ್ತೀಲಿ ಊಟಕ್ಕೆ ಕುಂದ್ರಲ್ವಾ, ಹಂಗೆ ಮಡಚ್ಕೊಂಡು ಕುಂದ್ರಿ. ಲಕ್ಷ್ಮಿಗೆ ಇನ್ನೂ ಒಳ್ಳೇದು."

ಕಾರು ಶೆಡ್ಡು ದಾಟುವ ಮುಂಚೆಯೇ ಕುಪ್ಪಳಿಸಿ ಬಂದ್ ಬಿತ್ತು. ಬಸ್‌ಸ್ಟ್ಯಾಂಡಿನ ಎದುರು ಮತ್ತೊಮ್ಮೆ ಬಿತ್ತು. ಅಲ್ಲಿ ಕುಂತವರು, "ಏ ಪಾಲಣ್ಣ, ಲಗ್ನದ ಊಟ ಜೋರೈತಾ?" ಎಂದು ಕೂಗಿದರು. ನನ್ನ ಮುಖಕ್ಕೆ ಬೆಂಕಿ ಹತ್ತಿದಂತಾಯಿತು. ತಿಂಗಳಿಡೀ ನಾನು ಬರೀ ಸ್ಟೇರಿಂಗ್ ಹಿಡಿದು ಕುಳಿತಿದ್ದೆ ಅನ್ನುವುದು ಊರೆದುರು ಗೊತ್ತಾಯಿತು. ಅವನ ಕಡೆಯವರು, "ನಾವು ಬಸ್ಸಿಗೇ ಬರ್ತೀವಿ ಬಿಡಣ್ಣ" ಎಂದು ಇಳಿದರು.

ಸೂಳೆಕೆರೆ ಹತ್ತಿರದ ಏರಿನಲ್ಲಿ ಎದುರಿಗೆ ಕಬ್ಬಿನ ಗಾಡಿ ಬಂತು. ನಿಲ್ಲಿಸಿದೆ. ಹೊರಡಲು ಹೋದರೆ ಕಾರು ಹಿಂದಕ್ಕೆ ಜಾರಿತು. ಆಗ ಪಾಲಣ್ಣನ ಬಲಗಾಲು ಮಡಚಿದಲ್ಲಿಂದ ಹಾರಿ ಗಂಟಿನ ಮೇಲೆ ಬಿತ್ತು. ಬ್ರೇಕು ಹುಡುಕುತ್ತಾ ಸೀರೆಗಳನ್ನು ದಬದಬ ತುಳಿಯುತ್ತಿತ್ತು. "ಅಮ್ಮಾ!" ಅಂದಳು ಸರ್ವಿ. ನಾನು ಬ್ರೇಕು ಒತ್ತಿ ಹಿಡಿದು ಹ್ಯಾಂಡ್‌ಬ್ರೇಕು ಎಳೆದೆ. ಗಾಡಿ ನಿಂತಿತು. ಪಾಲಣ್ಣನ ಕಾಲು ನಿಲ್ಲಲಿಲ್ಲ.

ಅವನು ಕೆಳಗಿಳಿದು ರಸ್ತೆ ಬದಿಯ ಕಲ್ಲಿನ ಮೇಲೆ ಕುಳಿತ. ಬರಿಗಾಲು ಇನ್ನೂ ನಡುಗುತ್ತಿತ್ತು. ಎರಡೂ ಕೈಯಲ್ಲಿ ತೊಡೆ ಅದುಮಿಕೊಂಡಿದ್ದ.

"ನಾನು ತುಳಿಯಲ್ಲ ಅಕ್ಕಾ. ಅದೇ ತುಳೀತೈತೆ" ಅಂದ. "ಅಷ್ಟು ವರ್ಷ ಲಾರಿ ಓಡಿಸಿದ ಕಾಲು. ಇನ್ನೊಬ್ರ ಕೈಗೆ ಗಾಡಿ ಕೊಟ್ಟು ಸುಮ್ನಿರು ಅಂದ್ರೆ ಕೇಳಲ್ಲ. ಬೈದ್ಕೊಂಡೂ ನೋಡೀನಿ."

"ಮಂದಿ ಹತ್ತಿಸ್ಕೊಳ್ಳೋದೂ ಕಾಲೇನಾ?"

"ಅದು ಹೊಟ್ಟೆ ಅಕ್ಕಾ" ಎಂದು ತಲೆ ತಗ್ಗಿಸಿದ. "ಪೆಟ್ರೋಲಿಗೆ ಆಗ್ತೈತೆ ಅಂತ."

"ನಮ್ಮ ಭಾವನ ಟೀ?"

"ನಮ್ಮ ತಮ್ಮನ ಹೆಂಡ್ತಿ ಕಲ್ತಾಳಾ ಅಂತ ಕೇಳಿದ್ರು. ಕಲೀತಾರೆ ಅಂದೆ. ಟೀ ಕುಡಿದೆ. ಬನ್ನು ತರಿಸಿದ್ರೆ ಅದ್ನೂ ತಿಂತಿದ್ದೆ."

ಪೂರ್ತಿ ನಂಬಿದೆ ಅಂತ ಹೇಳಲಾರೆ. ನಡುಗುವ ಕಾಲು ಸುಳ್ಳಲ್ಲ ಅನ್ನಿಸಿತು, ಬಾಯಿಯ ವಿಷಯ ಗೊತ್ತಾಗಲಿಲ್ಲ. ಅಲ್ಲೇ ನನ್ನ ಷರತ್ತು ಹೇಳಿದೆ. ಕಳೆದ ತಿಂಗಳ ಪಾಠ ಪಾಠವಲ್ಲ, ಇನ್ನೊಂದು ತಿಂಗಳು ಹೊಸದಾಗಿ ಕಲಿಸಬೇಕು, ಫೀಸು ಕೊಡುವುದಿಲ್ಲ. ಹಿಂದೆ ಸರ್ವಿ ಬಿಟ್ಟು ಬೇರೆ ಯಾರೂ ಕೂರುವಂತಿಲ್ಲ. ಗಂಟು ಇದ್ದಲ್ಲೇ ಇರುತ್ತದೆ.

"ಆತು ಬಿಡಕ್ಕಾ" ಅಂದ. ಅಷ್ಟು ಬೇಗ ಒಪ್ಪಿದ್ದಕ್ಕೂ ನನಗೆ ಅನುಮಾನವೇ.

ಆದರೆ ಆ ತಿಂಗಳು ಕಲಿಸಿದ, ನಿಜವಾಗಿ ಕಲಿಸಿದ. ಕಾಲು ಕಟ್ಟಿಹಾಕಿದ ಮೇಲೆ ಅವನಿಗೆ ಬಾಯಿ ಬಂದಿತ್ತು. "ಇಂಜಿನ್ ದನಿ ಕೇಳ್ರಿ ಅಕ್ಕಾ, ಕೂಸು ಅಳೋದಕ್ಕೂ ಮುಂಚೆ ಮುಖ ಮಾಡಲ್ವಾ, ಹಂಗೆ. ಆಗ ಕ್ಲಚ್ಚು ಹಿಡೀರಿ." ಏರಿನಲ್ಲಿ ಕಾರು ಜಾರದೆ ನಿಂತ ದಿನ ಸರ್ವಿ ಚಪ್ಪಾಳೆ ತಟ್ಟಿದಳು. ಗಂಟಿನ ಮೇಲ್ಹೊದಿಕೆ ಮಾತ್ರ ಅವನ ಹಿಮ್ಮಡಿಗೆ ಸಿಕ್ಕಿ ಹರಿದುಹೋಗಿತ್ತು. ಹಳೇ ಜಮಖಾನೆ ಸುತ್ತಿದೆ.

ಕ್ಯಾಂಪಿನ ದಿನ ಮೈದಾನದ ಮೂಲೆಯಲ್ಲಿ ಪಾಲಣ್ಣ ನನ್ನನ್ನು ಪಕ್ಕಕ್ಕೆ ಕರೆದ. ಪರೀಕ್ಷೆಯಲ್ಲಿ ಇನ್ಸ್‌ಪೆಕ್ಟರು ಹಿಂದೆ ಕೂರುತ್ತಿದ್ದರು, ಕಲಿಸಿದವನು ಪಕ್ಕದಲ್ಲಿ.

"ಇವತ್ತೊಂದಿನ ಗಂಟು ಬ್ಯಾಡ ಅಕ್ಕಾ. ನಾನು ನೋಡ್ಕೊಂತೀನಿ" ಎಂದು ತನ್ನ ಕಾಲಿನ ಕಡೆ ಕಣ್ಣು ಹಾಯಿಸಿದ. "ದೀಪಾವಳಿ ಮುಂದೈತೆ. ನಿಮ್ಮ ಭಾವ ಅಲ್ಲೇ ನಿಂತಾರೆ ನೋಡ್ರಿ."

ನಿಂತಿದ್ದರು, ಬೇವಿನ ಮರದ ಕೆಳಗೆ, ಕೈ ಹಿಂದೆ ಕಟ್ಟಿಕೊಂಡು. ಇವತ್ತು ತಪ್ಪಿದರೆ ಕಾರಿಲ್ಲ. ಅವನ ಕಾಲು ಇದ್ದರೆ ತಪ್ಪುವುದೇ ಇಲ್ಲ. ಆದರೆ ನಾಳೆ ಆ ಏರಿನಲ್ಲಿ, ಹಿಂದೆ ಸರ್ವಿ ಕುಂತಿರುವಾಗ, ಲೈಸೆನ್ಸಿನ ಕಾಗದ ಬ್ರೇಕು ತುಳಿಯುತ್ತದೆಯೇ? ಗಂಟು ಎತ್ತಿ ಅದರ ಜಾಗದಲ್ಲಿಟ್ಟೆ.

ಇನ್ಸ್‌ಪೆಕ್ಟರು ಬಗ್ಗಿ ನೋಡಿದರು. "ಇದೇನ್ರೀ? ಅವನ ಕಾಲಿಗೆ ಅಡ್ಡ ಆಗಲ್ವಾ?"

"ಅದಕ್ಕೇ ಇಟ್ಟಿರೋದು ಸಾರ್."

ಹೊರಡುವಾಗಲೇ ಒಮ್ಮೆ ಬಂದ್ ಬಿತ್ತು. ಬೇವಿನ ಮರದ ಕಡೆ ನೋಡಲಿಲ್ಲ. ಮತ್ತೆ ಚಾಲೂ ಮಾಡಿದೆ, ದನಿ ಕೇಳಿದೆ, ಕಾಲು ಬಿಟ್ಟೆ. ಮುಂದಕ್ಕೆ, ಹಿಂದಕ್ಕೆ, ತಿರುವಿಗೆ, ದಿಬ್ಬಕ್ಕೆ, ಅವರು ಹೇಳಿದ ಕಡೆಗೆಲ್ಲಾ ಹೋಯಿತು. ಪಕ್ಕದಲ್ಲಿ ಪಾಲಣ್ಣ ಮೊಣಕಾಲು ತಬ್ಬಿಕೊಂಡು, ಕಣ್ಣು ಮುಚ್ಚಿ ಕುಳಿತಿದ್ದ.

ಇನ್ಸ್‌ಪೆಕ್ಟರು ಇಳಿದು ಸಹಿ ಹಾಕುತ್ತಾ, "ಪಾಲಣ್ಣ, ನಿನ್ನ ಶಿಷ್ಯರಲ್ಲಿ ಗಾಡಿ ಬಂದ್ ಬೀಳಿಸಿದೋರು ಇವರೊಬ್ರೇ ಕಣಯ್ಯ" ಅಂದರು. ಹೊಗಳಿದ್ದೋ ಬೈದದ್ದೋ, ಇಬ್ಬರಿಗೂ ತಿಳಿಯಲಿಲ್ಲ. ಭಾವ ಆಗಲೇ ಗೇಟಿನ ಕಡೆ ನಡೆಯುತ್ತಿದ್ದರು.

ದೀಪಾವಳಿಯ ಮಾರನೇ ವಾರ ನಾನು ಹಿತ್ತಿಲಲ್ಲಿ ನಮ್ಮ ಕಾರಿಗೆ ಗಂಟು ತುಂಬುತ್ತಿದ್ದೆ. ಪಾಲಣ್ಣ ಬಂದು ನಿಂತ. ಫೀಸು ಕೇಳಲು ಬಂದನೇನೋ ಎಂದು ನನ್ನ ಮುಖ ಬಿಗಿಯಾಯಿತು. ಅವನು ಬಗ್ಗಿ ನಮ್ಮ ಕಾರಿನ ಎಡಗಡೆ ಕಾಲಿನ ಜಾಗಕ್ಕೆ ಇಣುಕಿದ. ಅಲ್ಲಿ ಬರೀ ಚಾಪೆ. ಅವನ ಹಿಂದೆ ಬೇಲಿ ಹತ್ತಿರ ಗಾದ್ರಮ್ಮ ಸೆರಗಿನ ತುದಿ ಸುತ್ತುತ್ತಾ ನಿಂತಿದ್ದಳು.

"ನಿಮ್ಮ ಗಾಡೀಲಿ ಈ ಕಡೆ ಪೆಡಲ್ ಇಲ್ಲ ಅಲ್ಲಕ್ಕಾ" ಅಂದ. "ನಮ್ಮ ಗಾದ್ರೀಗೆ ಎರಡು ವರ್ಷ ಕಲಿಸೀನಿ, ಏನೂ ಬರಲ್ಲ ಅದಕ್ಕೆ. ಮಗಳು ಅಂದ್ರೆ ಈ ಕಾಲು ಇನ್ನೂ ಕೇಳಲ್ಲ. ಮುಂದೆ ಶೆಡ್ಡು ಅವಳೇ ನಡೆಸ್ಬೇಕು. ಸಂತೆಗೆ ಹೋಗುವಾಗ ಒಂದೀಟು ದೂರ ಸ್ಟೇರಿಂಗು ಅವಳಿಗೆ ಕೊಟ್ಟು, ನೀವು ಪಕ್ಕದಲ್ಲಿ ಕುಂದ್ರಿ ಅಕ್ಕಾ. ನಾನು ಬರಲ್ಲ. ಬರ್ತೀನಿ ಅಂತ ಹಟ ಮಾಡಿದ್ರೂ ಹತ್ತಿಸ್ಕೋಬ್ಯಾಡ್ರಿ."