ಲಗಮವ್ವ ಮನೆ ತೋರಿಸಿದ ದಿನ

ಐನಾಪುರದ ಲಗಮವ್ವ ಸೋತದ್ದನ್ನು ಕಂಡವರಿಲ್ಲ. ಕುರಿಹಿಂಡಿಗೆ ನುಗ್ಗಿದ ತೋಳದ ಮುಖಕ್ಕೆ ಹೆಗಲ ಕಂಬಳಿ ಬೀಸಿ ಒಗೆದು, ಅದರ ಕುಲಗೋತ್ರವನ್ನೆಲ್ಲ ಜಾಲಾಡಿ ಬೈದು ಓಡಿಸಿದ ಧೀರೆ. ಕುಡಚಿಯ ಸಂತೆಯಲ್ಲಿ ಟಗರಿನ ಬೆಲೆ ಇಳಿಸಲು ಬರುವ ದಲಾಲಿಗಳು ಆಕೆಯ ಕುಂಕುಮದ ಅಗಲ ನೋಡಿಯೇ ಪಕ್ಕಕ್ಕೆ ಸರಿಯುತ್ತಿದ್ದರು. ಗಂಡ ಜಕ್ಕಪ್ಪ ವರ್ಷದ ಬಹುಪಾಲು ಕುರಿಗಳ ಹಿಂದೆ ಊರೂರು ಅಲೆಯುತ್ತಿದ್ದ. ಮನೆಯಲ್ಲಿದ್ದಾಗಲೂ ಅವನಿದ್ದಾನೆಂದು ಯಾರಿಗೂ ತಿಳಿಯುತ್ತಿರಲಿಲ್ಲ.

ಇಂಥ ಲಗಮವ್ವನಿಗೆ ೧೯೮೭ರಲ್ಲಿ ದೊಡ್ಡ ಯುದ್ಧವೊಂದು ಒದಗಿತು. ಮಗಳು ಸುಂದರಾ ಪಿಯುಸಿಯಲ್ಲಿ ಫಸ್ಟ್ ಕ್ಲಾಸಿನಲ್ಲಿ ಪಾಸಾದಳು. ಮುಂದೆ ಅಥಣಿಯಲ್ಲಿ ಬಿ.ಎ. ಓದುವಾಸೆ. ಕೈಯಲ್ಲಿ ಕಾಸಿಲ್ಲ. ಆಗ ದ್ರಾಕ್ಷಿ, ಕಬ್ಬು ಬೆಳೆಯುವ ಕೆಲವರು ಕೂಡಿ ಊರಿನಲ್ಲಿ ಒಂದು ವಿದ್ಯಾನಿಧಿ ಕಟ್ಟಿದ್ದರು. ಬಡವರ ಮಕ್ಕಳ ಕಾಲೇಜಿನ ಖರ್ಚನ್ನು ನಿಧಿಯೇ ಕೊಡುತ್ತಿತ್ತು. ಆದರೆ ನಿಧಿಯವರೊಬ್ಬರು ಮನೆಗೆ ಬಂದು, ಬಡತನ ನಿಜವೆಂದು ಕಣ್ಣಾರೆ ಕಂಡು ಹೂಂ ಅನ್ನಬೇಕು. ಈ ಸಲ ಬರುವವರು ಮುರಗೆಪ್ಪ ಸಾವಕಾರರು.

ಇಷ್ಟನ್ನೂ ಸುಂದರಾ ಬಿಡಿಸಿ ಹೇಳಿದಳು. ಲಗಮವ್ವನ ಕಿವಿಗೆ ಇಳಿದದ್ದು ಮಾತ್ರ "ಮನೆ ನೋಡಲು ಬರುತ್ತಾರೆ" ಎಂಬುದಷ್ಟೇ. ಆಕೆಯ ಜನ್ಮದಲ್ಲಿ ಮನೆ ನೋಡಲು ಬಂದವರೆಂದರೆ ಕನ್ಯೆ ನೋಡಲು ಬಂದವರು. ಅವರಿಗೆ ಹೇಗೆ ತೋರಿಸಬೇಕೆಂಬುದು ಆಕೆಗೆ ಚೆನ್ನಾಗಿ ಗೊತ್ತಿತ್ತು.

ಸೈನ್ಯ ಸಂಗ್ರಹ ಶುರುವಾಯಿತು. ಪಕ್ಕದ ಅಕ್ಕವ್ವನ ಎಮ್ಮೆ ಬಂದು ಬಾಗಿಲ ಮುಂದೆ ನಿಂತಿತು. ಅವಳದೇ ಸ್ಟೀಲಿನ ತಾಟುಗಳು ಬಂದವು. ಚಂದ್ರಮತಿಯ ಮನೆಯ ಹಿತ್ತಾಳೆ ತಂಬಿಗೆ ಹುಣಸೆಹಣ್ಣಿನಲ್ಲಿ ಮಿಂದು ಬಂತು. ಕುರ್ಚಿ, ಚಹಾ ಕುಡಿಯುವ ಪುಟ್ಟ ಸ್ಟೀಲಿನ ಬಟ್ಟಲು ವಾಟಗ ಎಲ್ಲಿಂದ ಬಂದವೆಂದು ಲಗಮವ್ವ ಬಾಯಿ ಬಿಡಲಿಲ್ಲ.

"ಯವ್ವಾ, ಬಡವ್ರು ಅಂತ ತೋರಸಬೇಕ ಬೇ!" ಸುಂದರಾ ತಲೆ ಚಚ್ಚಿಕೊಂಡಳು.

"ಮನಿಗಿ ಬಂದವ್ರಿಗೆ ಬಡತನ ಬಡಸ್ತಾರೇನ? ಸುಮ್ಕ ಶಿರಾಕ್ಕ ತುಪ್ಪ ಹಾಕ."

ಸಂಜೆ ಮುರಗೆಪ್ಪ ಬಂದರು. ಎಮ್ಮೆಯನ್ನು ನೋಡಿದರು, ಸಾರಿಸಿದ ನೆಲ ನೋಡಿದರು, ಕುರ್ಚಿಯಲ್ಲಿ ಕೂತರು. ಮುಖ ಸಪ್ಪಗಾಯಿತು.

"ಎಮ್ಮಿ ಎಷ್ಟು ಹಿಂಡತೈತಿ ಲಗಮವ್ವ?"

"ಹೊಟ್ಟಿಗಿ ಹಾಕಿದಷ್ಟು ಹಿಂಡತೈತ್ರಿ." ಇದರಲ್ಲಿ ಸುಳ್ಳೇನೂ ಇರಲಿಲ್ಲ.

"ಎಮ್ಮಿ ಐತಿ, ಕುರ್ಚಿ ಐತಿ, ಭಾಂಡೆ ಹೊಳ್ಯಾಕತ್ತಾವ. ನಿಧಿ ಇರೂದು ಇಲ್ಲದವ್ರಿಗೆ. ನಾ ಹೆಂಗ ಹೂಂ ಅನ್ಲಿ?"

ಸುಂದರಾ ಕಂಬದ ಹಿಂದೆ ಸರಿದು ಸೆರಗಿನಲ್ಲಿ ಕಣ್ಣೊತ್ತಿಕೊಂಡಳು. ತೋಳಕ್ಕೆ ಹೆದರದ ಲಗಮವ್ವ ಮೊದಲ ಸಲ ಸೋಲಿನ ಅಂಚಿಗೆ ಬಂದಳು. ಕಟ್ಟಿದ ಮಾನವನ್ನು ತಾನೇ ಕೆಡವುವುದು ಹೇಗೆಂದು ಆಕೆಗೆ ಯಾರೂ ಕಲಿಸಿರಲಿಲ್ಲ. ಶಿರಾದ ತಾಟನ್ನೂ ನೀರಿನ ತಂಬಿಗೆಯನ್ನೂ ಚಹಾವನ್ನೂ ಮುಂದಿಟ್ಟಳು.

ನಮ್ಮ ಕಡೆ ಪಾತ್ರೆ-ಭಾಂಡೆ ಕೊಂಡ ದಿನವೇ ಅಂಗಡಿಯಲ್ಲಿ ಅದರ ಮೇಲೆ ಹೆಸರು ಕೊರೆಸುವುದು ರೂಢಿ. ಸಾವಕಾರರು ಒಂದು ತುತ್ತು ತಿಂದು ತಾಟಿನ ಅಂಚು ನೋಡಿದರು: ಅಕ್ಕವ್ವ. ತಂಬಿಗೆ ತಿರುಗಿಸಿದರು: ಚಂದ್ರಮತಿ. ಚಹಾದ ವಾಟಗ ಎತ್ತಿ ಕಣ್ಣಿನ ಹತ್ತಿರ ಹಿಡಿದರು. ಅದರ ಮೇಲೆ ದುಂಡಗಿನ ಅಕ್ಷರದಲ್ಲಿ 'ಮುರಗೆಪ್ಪ ಕಸ್ತೂರೆವ್ವ' ಎಂದಿತ್ತು. ಬೆಳಿಗ್ಗೆ ಹೆಂಡತಿ ತಮಗೆ ಬಾಯಿ ಒಡೆದ ಕಪ್ಪಿನಲ್ಲಿ ಚಹಾ ಕೊಟ್ಟದ್ದು ನೆನಪಾಯಿತು. ಬಗ್ಗಿ ಕುರ್ಚಿಯ ಕಾಲು ನೋಡಿದರು. ಹೋದ ವರ್ಷ ತಾವೇ ಸುತ್ತಿದ ತಂತಿ!

"ನಿನ್ನ ಹೆಸರಿಂದು ಒಂದರ ಭಾಂಡೆ ತೋರಸವಾ."

"ನನ್ನ ಹೆಸರ ಹಾಕ್ಸಾಕ ನಂದೊಂದು ಭಾಂಡೆ ಇರಬೇಕಲ್ರಿ ಸಾವಕಾರ್ರ! ನಮ್ಮಲ್ಲಿರೂದು ಅಲ್ಯುಮಿನಂದು ಜರ್ಮನ್ ತಾಟು, ತೂತ ಬಿದ್ದೈತಿ. ಅದ್ರಾಗ ಹೆಂಗ ಕೊಡ್ಲಿ ನಿಮಗ?"

ಮುರಗೆಪ್ಪ ನಗತೊಡಗಿದರು. ಹೊಟ್ಟೆ ಕುಣಿಯಿತು, ಕುರ್ಚಿ ಕಿರುಗುಟ್ಟಿತು.

"ಹಗೂರ ನಗ್ರಿ," ಲಗಮವ್ವ ಗಾಬರಿಯಾದಳು. "ಕುರ್ಚಿ ಮುರದ್ರ ನಿಮ್ಮ ಮನ್ಯಾಕಿಗೆ ನಾ ಏನ ಹೇಳ್ಲಿ?"

ಅಷ್ಟರಲ್ಲಿ ಅಕ್ಕವ್ವ ಹೊರಗಿನಿಂದ ಕೂಗಿದಳು: "ಲಗಮವ್ವಾ, ನೋಡೂದ ಮುಗೀತೇನ? ಹಿಂಡೂ ಹೊತ್ತಾತು, ಎಮ್ಮಿ ಬಿಡ!"

"ಮುಗೀತ್ವಾ, ಒಯ್ಯಿ," ಎಂದು ಸಾವಕಾರರೇ ಉತ್ತರ ಕೊಟ್ಟರು. ಕಂಬದ ಕಡೆ ತಿರುಗಿ, "ಸುಂದರಾ, ಅಥಣಿಗಿ ಹೋಗಾಕ ಅರಿವಿ ಗಂಟ ಕಟ್ಟಿಕೋ," ಎಂದರು. ಹೋಗುವಾಗ ವಾಟಗ ಮಾತ್ರ ಜೇಬಿಗಿಳಿಸಿಕೊಂಡರು. ಮರುದಿನ ಬೆಳಿಗ್ಗೆ ಒಡಕು ಕಪ್ಪು ಅವರಿಗೆ ಬೇಕಿರಲಿಲ್ಲ.

ಸುಂದರಾ ಬಿ.ಎ. ಮುಗಿಸಿ, ಬಿ.ಎಡ್. ಮಾಡಿ, ಭೋಜದ ಶಾಲೆಯೊಂದರಲ್ಲಿ ಮಾಸ್ತರಿಣಿಯಾದಳು. ಮೊದಲ ಪಗಾರದಲ್ಲಿ ಸ್ಟೀಲಿನ ತಾಟು, ತಂಬಿಗೆ, ವಾಟಗ ಕೊಂಡು ಒಂದೊಂದರ ಮೇಲೂ 'ಲಗಮವ್ವ ಜಕ್ಕಪ್ಪ' ಎಂದು ಕೊರೆಸಿ ತಂದಳು.

ಆ ಭಾಂಡೆಗಳು ಲಗಮವ್ವನ ಮನೆಯಲ್ಲಿ ನಿಲ್ಲುವುದೇ ಅಪರೂಪ. ನಿಧಿಯವರು ಯಾರದಾದರೂ ಮನೆ ನೋಡಲು ಬರುತ್ತಾರೆಂದರೆ ಸಾಕು, ಹಿಂದಿನ ದಿನವೇ ಅಲ್ಲಿಗೆ ಹೊರಟುಬಿಡುತ್ತವೆ. ಮುರಗೆಪ್ಪ ಈಗ ಎಮ್ಮೆ, ಕುರ್ಚಿಗಳ ಕಡೆ ಕಣ್ಣೆತ್ತುವುದಿಲ್ಲ. ಕೂತವರೇ ತಾಟು ತಿರುಗಿಸಿ ಅಂಚು ಓದುತ್ತಾರೆ. "ಹಾಂ, ಲಗಮವ್ವ ಇಲ್ಲಿಗೂ ಬಂದಾಳ," ಎಂದು ಹೂಂ ಅಂದು, ಆಮೇಲೆ ನಿಶ್ಚಿಂತೆಯಿಂದ ಶಿರಾಕ್ಕೆ ಕೈ ಹಾಕುತ್ತಾರೆ.