ಹಾಳೆ ಹೊದ್ದ ಕೀಬೋರ್ಡ್

ತೊಂಬತ್ತರ ದಶಕದಲ್ಲಿ ನಾನು ನಿಪ್ಪಾಣಿಯ ಒಬ್ಬ ತಂಬಾಕು ವ್ಯಾಪಾರಿಯ ಆಫೀಸಿನಲ್ಲಿ ಟೈಪಿಸ್ಟ್. ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ ಟೈಪಿಂಗ್. ಟೈಪ್‌ರೈಟರ್ ಇರುವ ತನಕ ಬೆರಳು ತಕರಾರು ಮಾಡಿದ್ದಿಲ್ಲ. ಆಮೇಲೆ ಕಂಪ್ಯೂಟರ್ ಬಂತು, ಅದರ ಜೊತೆ ಒಂದು ಮೆತ್ತನೆಯ ಕೀಬೋರ್ಡ್. ಒತ್ತಿದರೆ ಅಕ್ಷರ ಬಿತ್ತೋ ಇಲ್ಲವೋ ಕೈಗೆ ತಿಳಿಯದು. ಹಾಗಾಗಿ ಪ್ರತಿ ಕೀಯನ್ನೂ ತಳ ಮುಟ್ಟುವಂತೆ ಗುದ್ದುತ್ತಿದ್ದೆ. ಸಂಜೆಗೆ ಬೆರಳ ಗಂಟುಗಳು ಬಾತು, ಸೀರೆಯ ಪಿನ್ ತೆಗೆಯಲಿಕ್ಕೂ ಆಗುತ್ತಿರಲಿಲ್ಲ.

ಸಾಹುಕಾರರು ಕೊಲ್ಹಾಪುರದಿಂದ ಇನ್ನೊಂದು ಕೀಬೋರ್ಡ್ ಟ್ರಯಲ್‌ಗೆ ತರಿಸಿದರು. ಅದರ ಸ್ವಿಚ್ಚೇ ಬೇರೆ, ಪ್ರತಿ ಕೀಯ ಕೆಳಗೂ ಒಂದು ಸ್ಪ್ರಿಂಗ್. ಅದೂ ಆಗದಿದ್ದರೆ ನನ್ನನ್ನು ಡಿಸ್ಪ್ಯಾಚ್‌ಗೆ, ಅಂದರೆ ಲಕೋಟೆ ಅಂಟಿಸಲಿಕ್ಕೆ, ಹಾಕುವುದೆಂದು ಮೆಲ್ಲಗೆ ಹೇಳಿದರು. ಫ್ರ್ಯಾಂಕ್ಲಿ, ಹೆದರಿದೆ. ಟೈಪಿಂಗ್ ನನ್ನ ಒಂದೇ ಪ್ರೈಡ್.

ನಮ್ಮಲ್ಲಿ ಹೊಸ ಮಷೀನು ಬಂದರೆ ಮೊದಲು ಅದಕ್ಕೆ ಹೊದಿಕೆ. ಪಕ್ಕದ ಗೋಡೌನಿನ ತಂಬಾಕಿನ ಧೂಳು ಆಫೀಸೆಲ್ಲ ತುಂಬುತ್ತಿತ್ತಲ್ಲ. ಇದಕ್ಕೂ ದಪ್ಪ ಪ್ಲಾಸ್ಟಿಕ್ ಹಾಳೆ ಬಿಗಿದು, ಅದರ ಮೇಲೇ ಟೈಪ್ ಮಾಡಿದೆ. ಹಳೆಯದಕ್ಕೂ ಇದಕ್ಕೂ ಫರಕೇ ಕಾಣಲಿಲ್ಲ. ಆಗುವುದಿಲ್ಲ ಎಂದುಬಿಟ್ಟೆ. ಸಾಹುಕಾರರು ಅದನ್ನು ವಾಪಸ್ ಕಟ್ಟಿಡಲು ಹೇಳಿದರು.

ಅವರ ಸೊಸೆ ಲಂಚ್ ಹೊತ್ತಿಗೆ ಬಂದು ಕಂಪ್ಯೂಟರಿನಲ್ಲಿ ಕಾರ್ ರೇಸ್ ಆಡುತ್ತಿದ್ದಳು. ಅಂದು, ಇನ್ನೂ ಕಟ್ಟಿಡದಿದ್ದ ಹೊಸ ಕೀಬೋರ್ಡಿನ ಹಾಳೆಯ ಮೇಲೆ ಬೆರಳು ಜಾರಿ ಕಾರು ಗೋಡೆಗೆ ಬಡಿಯಿತು. ಸಿಟ್ಟಿಗೆ ಹಾಳೆ ಕಿತ್ತೊಗೆದು ಟಕ್ ಟಕ್ ಅಂತ ಆಡತೊಡಗಿದಳು. ನಾನು ಊಟದ ಡಬ್ಬಿ ಬಿಟ್ಟು ಎದ್ದು ಬಂದೆ.

“ಅಕ್ಕಾರ, ರೇನ್‌ಕೋಟ್ ತೊಡಿಸಿ ಕೀಬೋರ್ಡ್ ಆರಿಸಾಕತ್ತೀರಲ್ರಿ,” ಎಂದು ನಕ್ಕಳು. “ಕುಂದರ್ರಿ, ಬರೇ ಕೀ ಮ್ಯಾಲ ಹೊಡೀರಿ.”

ಹೊಡೆದೆ. ಅರ್ಧ ಒತ್ತುವಷ್ಟರಲ್ಲೇ ಕೀ ಟಕ್ಕನೆ ಉತ್ತರ ಕೊಡುತ್ತಿತ್ತು, ಬೆರಳು ಅಲ್ಲಿಂದಲೇ ಹಿಂದಕ್ಕೆ. ಒಂದು ಇಡೀ ಪೇಜು ನೋವಿಲ್ಲದೆ ಮುಗಿಯಿತು. ಅವಳಿಗೆ ಮಾತ್ರ ಆಟಕ್ಕೆ ಹಳೆಯದೇ ಇಷ್ಟ; ಅದರ ಸದ್ದು ಅತ್ತೆಗೆ ಕೇಳಿಸುವುದಿಲ್ಲವಂತೆ.

ಹೊಸದೇ ಇರಲಿ, ಹಾಳೆ ಬೇಡ ಎಂದಾಗ, ಧೂಳಿಗೇನು ಮಾಡುವುದು ಎಂದು ಸಾಹುಕಾರರು ಕೇಳಿದರು.

“ಹಾಳಿ ಹಾಕೂದಾದ್ರ ಇದನ್ನ ವಾಪಸ್ ಕಳಸ್ರಿ,” ಎಂದೆ. “ನಾ ಲಕೋಟೆ ಅಂಟಸ್ತೀನಿ.”

ಅಷ್ಟು ಜೋರಾಗಿ ನಾನು ಅವರೆದುರು ಎಂದೂ ಮಾತಾಡಿರಲಿಲ್ಲ. ಧೂಳು ಬಾರದ ಕೋಣೆ ಇದ್ದದ್ದು ಒಂದೇ, ಅವರು ಊಟವಾದ ಮೇಲೆ ಅಡ್ಡಾಗುವ ಒಳಕೋಣೆ. ಮರುದಿನ ಅವರ ಗಾದಿ ಹೊರಗೆ ಬಂತು, ನನ್ನ ಟೇಬಲ್ ಒಳಗೆ ಹೋಯಿತು. ರಿಟೈರ್ ಆಗುವ ತನಕ ಅಲ್ಲೇ ಟೈಪ್ ಮಾಡಿದೆ. ಗೋಡೌನಿನ ಗದ್ದಲದಲ್ಲಿ ಅವರಿಗೆ ನಿದ್ದೆ ಹತ್ತಲಿಲ್ಲ. ಮಧ್ಯಾಹ್ನ ಮಲಗುವುದನ್ನೇ ಬಿಟ್ಟರು, ಪಾಪ.